ಏಳನೇ ಸಾಲಿನ ಷರಾ

ಯಾದಿ ಅಂಟಿಸಿದ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕನ ಗಂಡ ಎಲ್ಲಿದ್ದಾನೆಂದು ಹೊನ್ನಾವರ ಕಡೆಯ ನಮ್ಮ ಮೀನುಪೇಟೆಗೆಲ್ಲ ತಿಳಿಸಿದ್ದಕ್ಕೆ ವಂದನೆಗಳು. ನಾವು ಮೂರು ವರ್ಷ ಮುಚ್ಚಿಟ್ಟದ್ದನ್ನು ತಾವು ಒಂದು ಚಮಚ ಅಂಟಿನಲ್ಲಿ ಮುಗಿಸಿದಿರಿ. ಅಕ್ಕನ ಹೆಸರು ಇಲ್ಲಿ ಬರೆಯುವುದಿಲ್ಲ. ಪೇಟೆಯ ಗೋಡೆಗೆ ತಾವು ಅಂಟಿಸಿದ ಅರ್ಜಿದಾರರ ಯಾದಿಯಲ್ಲಿದೆ, ಏಳನೇ ಸಾಲು.

ನಿರ್ಗತಿಕ ಹೆಂಗಸರಿಗೆ ಹೊಲಿಗೆ ಯಂತ್ರ ಕೊಡುತ್ತೀರೆಂದು ಅವಳು ಅರ್ಜಿ ಹಾಕಿದಳು. ವಿಚಾರಣೆಗೆ ಬಂದ ನಿಮ್ಮ ಗುಮಾಸ್ತರು ನಮ್ಮ ಚಹಾ ಕುಡಿದು ಗಂಡನ ವಿಷಯ ಕೇಳಿದರು. ಅವನು ಗೋವೆಯಲ್ಲಿ ಟ್ರಾಲರಿನ ಮೇಲಿದ್ದಾನೆ ಎಂದು ಅಕ್ಕ ಊರಿಗೆ ಹೇಳುತ್ತಿದ್ದಳು. ಸರ್ಕಾರಕ್ಕೆ ಸುಳ್ಳು ಹೇಳಬಾರದು, ಇದು ಕಚೇರಿಯ ಹೊರಗೆ ಹೋಗುವುದಿಲ್ಲ ಎಂದು ಗುಮಾಸ್ತರು ಅಂದಾಗ, ದೇವರೆದುರು ಹೇಳುವಂತೆ ನಿಜ ಹೇಳಿದಳು. ದೇವರು ಕೇಳಿದ್ದನ್ನು ಗೋಡೆಗೆ ಅಂಟಿಸುವುದಿಲ್ಲ. ಸರ್ಕಾರ ದೇವರಿಗಿಂತ ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ.

ಪೇಟೆಯ ಹೆಂಗಸರಲ್ಲಿ ಓದು ಬರುವುದು ನನಗೊಬ್ಬಳಿಗೇ. ನಾಲ್ಕು ಜನರೆದುರು ಬಾಯಿ ಬಿಡದ ನನ್ನನ್ನು ಎಲ್ಲರೂ ಗೋಡೆಯ ಮುಂದೆ ನಿಲ್ಲಿಸಿದರು. "ದೊಡ್ಡಕ್ಕೆ ಓದೇ, ಬುಟ್ಟಿಲಿದ್ದ ಮೀನಿಗೆ ಓದ್ತೀಯೆಂತ?" ಎಂದು ಅಕ್ಕನ ಜೊತೆ ಮೀನು ಮಾರುವ ಮಾದಿ ತಿವಿದಳು. ಅಕ್ಷರ ಕೂಡಿಸಿ ಓದುವವರಿಗೆ ಬಾಯಿ ಮುಂದೆ, ಅರ್ಥ ಹಿಂದೆ. ಅಕ್ಕನ ಹೆಸರು ಸಿಕ್ಕ ಖುಷಿಯಲ್ಲಿ ಪಕ್ಕದ ಷರಾವನ್ನೂ ಕೂಗಿ ಓದಿದೆ: "ಗಂಡ ಇವಳನ್ನು ಬಿಟ್ಟು ಮಲ್ಪೆಯಲ್ಲಿ ಬೇರೆ ಹೆಂಗಸಿನೊಡನೆ ವಾಸ. ಅರ್ಜಿದಾರಳ ನಡತೆ ವಿಚಾರಿಸತಕ್ಕದ್ದು." ತಿರುಗಿದರೆ ಅಕ್ಕ ಹಿಂದೆಯೇ ನಿಂತಿದ್ದಳು, ತಲೆಯ ಮೇಲೆ ಬುಟ್ಟಿ.

ಓಡಿಹೋದವನ ನಡತೆ ವಿಚಾರಿಸಬೇಕಿಲ್ಲವೇ, ಸ್ವಾಮಿ? ಅವನು ಅರ್ಜಿ ಹಾಕಲಿಲ್ಲ, ಜಾಣ.

ದೋಣಿ ದಡ ಮುಟ್ಟಿದರೆ ದೋಣಿಯ ಯಜಮಾನ ಮಾಸ್ತಿಯಣ್ಣ ದಿನದ ಬೋಣಿಯನ್ನು ಅಕ್ಕನ ಕೈಯಲ್ಲೇ ಮಾಡಿಸುತ್ತಿದ್ದ. ಮುತ್ತೈದೆಯ ಕೈ, ಬಲೆ ತುಂಬುತ್ತದೆ ಎಂದು. ಮರುದಿನ ಅವಳ ಮುಖ ನೋಡದೆ ಹೇಳಿದ: "ಬೋಣಿ ಮಾದಿ ಮಾಡ್ಲಿ. ನೀ ಆಮೇಲೆ ಬಾ, ತಂಗಿ." ಆಮೇಲೆ ಉಳಿಯುವುದು ಬೇರೆಯವರು ಬಿಟ್ಟ ಮೀನು. ಅಕ್ಕ ಅದನ್ನೇ ಬುಟ್ಟಿಗೆ ತುಂಬಿಕೊಂಡಳು. ಮನೆಗೆ ಬಂದು ನನ್ನನ್ನು ಕೇಳಿದಳು: "ನೀ ಎಂತಕ್ಕೆ ಅಷ್ಟ್ ದೊಡ್ಡಕ್ಕೆ ಓದ್ದೆ?" ಅಲ್ಲಿಂದೀಚೆಗೆ ನನ್ನೊಡನೆ ಮಾತಿಲ್ಲ.

ಯಂತ್ರವೂ ಬಂದಿಲ್ಲ. ನಡತೆಯ ವಿಚಾರಣೆ ಮುಗಿದಿಲ್ಲವಂತೆ.

ನಾನು ಆ ಯಾದಿ ಕೀಳಲು ಹೋದರೆ, ಸರ್ಕಾರಿ ಕಾಗದ ಹರಿಯುವುದು ಅಪರಾಧ ಎಂದು ನಿಮ್ಮ ಜವಾನ ಗದರಿಸಿದ. ಆದ್ದರಿಂದ ತಾವೇ ಬನ್ನಿ. ಬೋಣಿಯ ಹೊತ್ತಿಗೆ ಬಂದು, ಎಲ್ಲರೆದುರು ನಿಮ್ಮ ಕೈಯಿಂದಲೇ ಹರಿಯಿರಿ. ಇನ್ನು ಮುಂದೆ ಗೋಡೆಗೆ ಹೆಸರಷ್ಟೇ ಸಾಕು, ಷರಾ ಕಪಾಟಿನಲ್ಲಿರಲಿ. ಆಗದಿದ್ದರೆ ನಿಮ್ಮ ಮನೆಯವರ ಯಾದಿಯನ್ನೂ ಷರಾ ಸಮೇತ ಪಕ್ಕದಲ್ಲಿ ಅಂಟಿಸಿ. ದೊಡ್ಡಕ್ಕೆ ಓದಲು ನಾನಿದ್ದೇನೆ.

ಇಂತಿ,
ಏಳನೇ ಸಾಲಿನವಳ ತಂಗಿ
(ನಾಲ್ಕನೇ ಇಯತ್ತೆ ಪಾಸು. ಹೆಸರು ಕೊಡುವುದಿಲ್ಲ, ಕೊಟ್ಟರೆ ತಾವು ಷರಾ ಬರೆಯುತ್ತೀರಿ.)