ತೆರಿಗೆ ಇರುವ ಹೋಳಿಗೆ

ಬಿ.ಸಿ.ರೋಡ್, ಶುಕ್ರವಾರ

ಕುಸುಮಕ್ಕನಿಗೆ ವಂದನೆಗಳು.

ಮೊನ್ನೆ ನಮ್ಮ ಹಪ್ಪಳದ ಕಂಪನಿಯ ಸಭೆಯಲ್ಲಿ ಮೈಕ್ ಹಿಡಿದು, "ಕಂಪನಿ ನೌಕರರಿಗೆ ಕೊಡುವ ಷೇರೆಂದರೆ ಎಲೆಗೆ ಬಡಿಸಿದ ಹೋಳಿಗೆ, ತಿಂದರಾಯಿತು" ಎಂದು ಘೋಷಿಸಿದ ಮಹಾಪಂಡಿತ ನಾನೇ. ಚಪ್ಪಾಳೆಯ ಅಬ್ಬರದಲ್ಲಿ ತೆರಿಗೆಯ ಮಾತನ್ನು ನುಂಗಿದವನೂ ನಾನೇ.

ಷೇರನ್ನು ಕಡಿಮೆ ಬೆಲೆಗೆ ಪಡೆದ ಕೂಡಲೇ, ಅದರ ನಿಜ ಬೆಲೆಗೂ ನೀವು ಕೊಟ್ಟದ್ದಕ್ಕೂ ಇರುವ ವ್ಯತ್ಯಾಸವನ್ನು ಸಂಬಳವೆಂದೇ ಲೆಕ್ಕ ಹಿಡಿಯುತ್ತಾರೆ. ತೆರಿಗೆಯನ್ನು ಆ ತಿಂಗಳ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಮಾರಿ ತೆರಿಗೆ ತುಂಬೋಣವೆಂದರೆ ನಮ್ಮ ಷೇರನ್ನು ಸದ್ಯ ಮಾರಲೂ ಆಗದು.

ಇವತ್ತು ಕ್ಯಾಂಟೀನಿನಲ್ಲಿ ನೀವು ಪ್ಯಾಕಿಂಗಿನವರಿಗೆ, "ಉಜ್ವಲ್ ಸಾರ್ ಹೇಳಿದ್ದಾರಲ್ಲ ಮಾರಾಯ್ತಿ, ಮತ್ತೆಂತ ಯೋಚನೆ? ಸೋಮವಾರ ಷೇರಿನ ಫಾರ್ಮಿಗೆ ಸೈನ್ ಹಾಕುವ" ಎಂದದ್ದು ಕೇಳಿಸಿತು. ಗೋಳಿಬಜೆಯ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದೆ. ಬೆಳುವಾಯಿಯ ನಿಮ್ಮ ಹೊಸ ಮನೆಯ ತಾರಸಿ ಸ್ಲ್ಯಾಬಿಗೆ ಈ ತಿಂಗಳ ಸಂಬಳವನ್ನೇ ನಂಬಿದ್ದೀರೆಂದು ಗೊತ್ತಿದ್ದೂ, ಎದುರು ಬಂದು ಹೇಳಲಾರದೆ ಹಿಂಬಾಗಿಲಿನಿಂದ ಜಾರಿದೆ.

ದಯವಿಟ್ಟು ಸೋಮವಾರ ಯಾರೂ ಸಹಿ ಹಾಕಬೇಡಿ. ಅದಕ್ಕೆ ಇನ್ನೂ ಎರಡು ವರ್ಷ ಅವಕಾಶ ಉಂಟು. ಎಲ್ಲರನ್ನೂ ಇನ್ನೊಮ್ಮೆ ಸೇರಿಸಿ. ಒಬ್ಬೊಬ್ಬರಿಗೂ ತೆರಿಗೆ ಎಷ್ಟಾಗುತ್ತದೆಂದು ಮೈಕ್ ಇಲ್ಲದೆ ಹೇಳುತ್ತೇನೆ. ನೀವು ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ಈ ಸಲ ಮಾತ್ರ ನನ್ನನ್ನು ನಂಬದೆ ಕೇಳಿ.

ಇತಿ, ಮುಖ ತೋರಿಸಲಾರದ
ಉಜ್ವಲ್, ಲೆಕ್ಕಪತ್ರ ವಿಭಾಗ