ತಡಮೆಯಲ್ಲಿ ಹೇಳಿದ್ದು

ಜೂನ್ 9, 2003. ಸೋಮವಾರ

ವೇಣೂರು. ಮೂವತ್ತೊಂದನೆಯ ಸಂದರ್ಶನ. ಇದೇ ಕೊನೆಯದು. ಬೀಯಮ್ಮ — ನಲವತ್ತೊಂದು ವರ್ಷ, ಗಂಡ ಸೌದಿಯಲ್ಲಿ, ಇವರು ತವರಿನಲ್ಲೇ ಇದ್ದು ಬೀಡಿ ಕಟ್ಟುತ್ತಾರೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಯಾಕೆ ಬಿಟ್ಟದ್ದು ಎಂದರೆ ಅದೇ ಉತ್ತರ: "ಹೈಸ್ಕೂಲು ದೂರ, ಮಗಳೇ." ಜನವರಿಯಿಂದ ಮನೆ ಮನೆಯಲ್ಲೂ ಇದೇ. ಇನ್ನು ಯಾರಾದರೂ ದೂರ ಎಂದರೆ ಅಲ್ಲೇ ಕೂತು ಅತ್ತುಬಿಡುತ್ತೇನೆ.

ಟೇಪ್ ಆಫ್ ಮಾಡಿದ ಮೇಲೆ ಚಾ, ನೆಯ್ಯಪ್ಪ. ಅವರ ತಾಯಿ, ಅಣ್ಣ, ಅತ್ತಿಗೆ ಸುತ್ತ ಕೂತು ನನಗೆ ಇನ್ನೂ ಮದುವೆ ಯಾಕಾಗಿಲ್ಲ ಎಂದು ನನ್ನನ್ನೇ ಸಂದರ್ಶನ ಮಾಡಿದರು. ಹೊರಟಾಗ ಬೀಯಮ್ಮ ಬೇಲಿ ದಾಟುವ ತಡಮೆಯ ತನಕ ಬಂದರು. ಬಂದವರನ್ನು ಅಲ್ಲಿಯ ತನಕ ಕಳಿಸಿಕೊಡುವುದು ನಮ್ಮ ಕಡೆಯ ಮರ್ಯಾದೆ. ದನ ಬರದ ಹಾಗೆ ಅಡ್ಡ ಹಾಕಿದ ಬಿದಿರನ್ನು ದಾಟಿ ಆಚೆ ನಿಂತೆ. ಆಗ ಕೇಳಿದರು:

"ನೀನು ಹೈಸ್ಕೂಲಿಗೆ ಹೋಗುವಾಗ ಬೆಳಿಗ್ಗೆ ನೀರು ಕುಡಿದು ಹೋಗ್ತಿದ್ದಿಯಾ?"

"ಹೌದಲ್ಲ."

"ನಿನ್ನ ಭಾಗ್ಯ."

ಎಂಥ ಪ್ರಶ್ನೆಯೋ. ಬಸ್ಸು ಬಂತು, ಓಡಿದೆ.

ಜೂನ್ 15. ಭಾನುವಾರ

ಬಂಟ್ವಾಳದಲ್ಲಿ ಸಂಬಂಧಿಕರ ಮದುವೆ. ನಮ್ಮ ಪುಂಜಾಲಕಟ್ಟೆಯಿಂದ ಅರ್ಧ ಗಂಟೆಯ ದಾರಿ, ಅಷ್ಟಕ್ಕೂ ಉಮ್ಮ ಬೆಳಿಗ್ಗೆಯಿಂದ ಒಂದು ಗುಟುಕು ನೀರು ಮುಟ್ಟಲಿಲ್ಲ. ಮನೆಯಿಂದ ಹೊರಗೆ ಹೋಗುವ ದಿನ ಅವರ ಹಠ ಇದು, ನನಗೆ ಬುದ್ಧಿ ಬಂದಾಗಿನಿಂದ ನೋಡುತ್ತಿದ್ದೇನೆ. ಸೆಖೆಗೆ ತಲೆ ಸುತ್ತಿ ಮದುವೆ ಹಾಲ್‌ನಲ್ಲೇ ಕೂತರು. ಬೈದೆ. "ನಂಗೆ ಅಭ್ಯಾಸ" ಎಂದರು. ಹಟಮಾರಿ ಹೆಂಗಸು. ನಾನು ಹೋಲುವುದು ಯಾರನ್ನು ಎಂದು ಬಾಪ ಕೇಳಿದರು.

ಜೂನ್ 16. ಮಧ್ಯಾಹ್ನ 12.30, ಮೂಡುಬಿದಿರೆ ರೂಮು

ಸಂದರ್ಶನದ ಮಾತುಗಳನ್ನು ವಿಂಗಡಿಸುವ ಸಾಫ್ಟ್‌ವೇರಿನ ಸಿ.ಡಿ. ಬಂತು. ನಾರಾಯಣಮೂರ್ತಿ ಸರ್ ಅದನ್ನು ಮೊಟ್ಟೆಯ ಹಾಗೆ ಎರಡು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದರು. ಸೋಶಿಯಾಲಜಿ ಪಾಠ ಮಾಡಿ ರಿಟೈರ್ ಆದವರು, ಸುಮ್ಮನೆ ಕೂರಲಾಗದೆ ಈ ಅಧ್ಯಯನ ಹಿಡಿದಿದ್ದಾರೆ — ನಮ್ಮ ಕಡೆ ಹೆಣ್ಣುಮಕ್ಕಳು ಏಳನೆಯ ನಂತರ ಶಾಲೆ ಬಿಡುವುದು ಯಾಕೆ. ಮಂಗಳೂರಿನ ಒಂದು ಟ್ರಸ್ಟ್ ಕಾಯುತ್ತಿದೆ. ಜುಲೈ 21ಕ್ಕೆ ರಿಪೋರ್ಟ್ ಕೊಟ್ಟರೆ, ಅದರಲ್ಲಿ ಬರೆದದ್ದನ್ನು ಮಾಡಿಸಿಕೊಡುತ್ತಾರಂತೆ. ಮಾಡಿಸುವುದು ಒಂದೇ ಕೆಲಸ, ಒಂದೇ ಸಲ. ಸರ್ ಕರಡಿನಲ್ಲಿ ಈಗಾಗಲೇ ಬರೆದಿದ್ದಾರೆ: ಹುಡುಗಿಯರಿಗೆ ಒಂದು ವ್ಯಾನು.

ಕೆಳಗಿನ ಕಂಪ್ಯೂಟರ್ ಸೆಂಟರಿನ ಶಶಾಂಕ ಬಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಟ್ರಯಲ್ ವರ್ಶನ್. ಮೂವತ್ತು ದಿನ ಮಾತ್ರ, ಜುಲೈ 15ಕ್ಕೆ ತಾನಾಗಿ ಮುಚ್ಚುತ್ತದೆ. ಕನ್ನಡ ಹಾಕಿದರೆ ಬರೀ ಚೌಕ ಚೌಕ ಕಾಣಿಸುತ್ತದೆ. ಆದ್ದರಿಂದ ಬರೆದಿಟ್ಟ ಮೂವತ್ತೊಂದು ಸಂದರ್ಶನವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಬೇಕು.

ಶಶಾಂಕ: "ಎಂಥ ಮಾರಾಯ್ತಿ, ಪುಸ್ತಕಕ್ಕೆ ಕಲರ್ ಪೆನ್ನಿನಲ್ಲಿ ಗೀಟು ಹಾಕುವುದನ್ನೇ ಇದು ಮಾಡುವುದಾ? ಇದಕ್ಕೆ ಕಂಪ್ಯೂಟರ್ ಯಾಕೆ?"

ಹೌದಲ್ಲ, ಯಾಕೆ?

ಜೂನ್ 23

ಕುಟ್ಟಿ ಕುಟ್ಟಿ ಬೆರಳು ಬಾತಿದೆ. ಇಂದಿನಿಂದ ಕೋಡಿಂಗ್. ಮಾತಿನ ಒಂದು ತುಂಡನ್ನು ಮೌಸಿನಲ್ಲಿ ಹಿಡಿದು ಅದಕ್ಕೊಂದು ಹೆಸರಿಡುವುದು. ಮದುವೆ, ಬೀಡಿ, ತಮ್ಮನನ್ನು ನೋಡಿಕೊಳ್ಳುವುದು, ದೂರ… ಸಂಜೆಗೆ ನೂರ ನಲವತ್ತು ಹೆಸರಾಯಿತು. ಸರ್ ಕನ್ನಡಕ ಮೇಲೇರಿಸಿ ನೋಡಿದರು.

"ಕೋಳಿ ಕೂಗಿದ್ದಕ್ಕೂ ಒಂದು ಕೋಡ್ ಉಂಟಲ್ಲ ಸಜ್ನಾ?"

"ಟೇಪಿನಲ್ಲಿ ಉಂಟು ಸರ್."

"ಟೇಪಿನಲ್ಲಿ ಇರುವುದೆಲ್ಲ ಬೇಡ. ಯಾವುದು ಮತ್ತೆ ಮತ್ತೆ ಬರ್ತದೆ, ಅದನ್ನು ಹಿಡಿ."

ನೂರು ಅಳಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಸೇವ್ ಮಾಡಿರಲಿಲ್ಲ… ಬರೆಯಲು ಮನಸ್ಸಿಲ್ಲ.

ಜೂನ್ 27. ಶುಕ್ರವಾರ

ಇಂದು ಒಂದು ಅದ್ಭುತ ಕಂಡೆ. ಬೇರೆ ಶಬ್ದ ಸಿಗುತ್ತಿಲ್ಲ.

"ದೂರ" ಎಂಬ ಕೋಡಿನ ಮೇಲೆ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪರದೆಯ ಮೇಲೆ ಒಬ್ಬರ ಕೆಳಗೆ ಒಬ್ಬರು ಬಂದು ನಿಂತರು. ಬೆಳ್ತಂಗಡಿಯ ಸುಬ್ಬಮ್ಮ, ಅವರ ಕೆಳಗೆ ಸಿದ್ಧಕಟ್ಟೆಯ ಹದಿನೇಳರ ಹುಡುಗಿ, ಅವಳ ಕೆಳಗೆ ಬೀಯಮ್ಮ. ಇಪ್ಪತ್ತನಾಲ್ಕು ಜನ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಚಾ ಕುಡಿಯುವುದೂ ಇಲ್ಲ. ಇಲ್ಲಿ ಮಾತ್ರ ಒಂದೇ ಜಗಲಿಯಲ್ಲಿ ಕೂತ ಹಾಗೆ ಸರದಿಯಲ್ಲಿ ಮಾತಾಡುತ್ತಿದ್ದಾರೆ. ಐದು ತಿಂಗಳು ಅಲೆದವಳು ನಾನು, ಕೇಳಿಸಿಕೊಂಡವಳೂ ನಾನು. ಆದರೂ ಅವರನ್ನೆಲ್ಲ ಒಟ್ಟಿಗೆ ಕೇಳಿದ್ದು ಇದೇ ಮೊದಲು.

ಶಶಾಂಕನನ್ನು ಕರೆದು ತೋರಿಸಿದೆ. "ಆಯ್ತು, ಗೀಟು ಹಾಕುವುದಲ್ಲ ಇದು" ಎಂದು ಒಪ್ಪಿಕೊಂಡ.

ಜುಲೈ 3. ಗುರುವಾರ, ಬೆಳಿಗ್ಗೆ 11

ಪ್ರತಿಯೊಬ್ಬರ ಫಾರಮಿನ ವಿವರವನ್ನೂ ಸೇರಿಸಬಹುದಂತೆ. ವಯಸ್ಸು, ಜಾತಿ, ಆಗ ಇದ್ದ ಮನೆಯಿಂದ ಹೈಸ್ಕೂಲಿಗೆ ಎಷ್ಟು ಕಿಲೋಮೀಟರ್. ಎಲ್ಲ ತುಂಬಿಸಿದೆ. ಆಮೇಲೆ ಆಟಕ್ಕೆಂದು ಕೇಳಿದೆ: ಒಂದು ಕಿಲೋಮೀಟರಿನ ಒಳಗೆ ಇದ್ದೂ ದೂರ ಎಂದವರು ಯಾರು? ಯಾರೂ ಇರಲಿಕ್ಕಿಲ್ಲ ಅಂದುಕೊಂಡಿದ್ದೆ.

ಒಂಬತ್ತು ಜನ.

ಬೀಯಮ್ಮನ ಮನೆಯಿಂದ ಹೈಸ್ಕೂಲಿಗೆ ಮುನ್ನೂರು ಮೀಟರ್. ಅವರ ಕ್ಯಾಸೆಟ್ ಮತ್ತೆ ಹಾಕಿದೆ. "ಹೈಸ್ಕೂಲು ದೂರ, ಮಗಳೇ" — ಅದರ ಹಿಂದೆಯೇ, ಸ್ಪಷ್ಟವಾಗಿ, ಶಾಲೆಯ ಗಂಟೆ. ನಾನೇ ಕುಟ್ಟಿದ್ದೇನೆ, ಕಂಸದಲ್ಲಿ, "ಗಂಟೆ ಶಬ್ದ" ಎಂದು. ಕೋಳಿಯ ಜೊತೆಗೆ ಅಳಿಸಿದ ಕೋಡುಗಳಲ್ಲಿ ಅದೂ ಒಂದು.

ಅವರು ಸುಳ್ಳು ಹೇಳಿದರಾ? ಯಾಕೆ?

ಅದೇ ದಿನ, ಸಂಜೆ ಬಸ್ಸಿನಲ್ಲಿ

ಗುರುವಾಯನಕೆರೆ ಬರುವ ಮೊದಲು ನೆನಪಾಯಿತು. ನೀರು. ಬೀಯಮ್ಮ ತಡಮೆಯಲ್ಲಿ ಕೇಳಿದ್ದು.

ಜುಲೈ 4

ರಜೆ ಹಾಕಿ ಈ ಡೈರಿಯನ್ನೇ ಜನವರಿಯಿಂದ ಓದಿದೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೇನೆ ನಾನು.

ಪ್ರತಿ ಮನೆಯಲ್ಲೂ ಚಾ ಬರುವ ಮೊದಲೇ ಟೇಪ್ ಆಫ್ ಮಾಡಿದ್ದೇನೆ, ದೊಡ್ಡ ಸಭ್ಯಸ್ಥೆಯ ಹಾಗೆ. ಟೇಪಿನ ಎದುರು ಅತ್ತೆ, ಅಣ್ಣ, ಮಾವ. ತಡಮೆಗೆ ಬರುವುದು ಮಾತಾಡಿದ ಹೆಂಗಸು ಒಬ್ಬರೇ. ಅಲ್ಲಿ ಹೇಳಿದ್ದು ಡಾಟಾ ಅಲ್ಲ, ಸುಮ್ಮನೆ ಮಾತು ಎಂದು ಇದರಲ್ಲಿ ಗೀಚಿ ಮರೆತಿದ್ದೇನೆ. ಫೆಬ್ರವರಿ 11, ಸುಬ್ಬಮ್ಮ: "ಶಾಲೆಯ ಹಿಂದೆ ಬರೀ ಗುಡ್ಡೆ, ಹುಡುಗರು ಇಣುಕುತ್ತಿದ್ದರು." ಮಾರ್ಚ್ 4, ಆ ಹದಿನೇಳರ ಹುಡುಗಿ: "ಒಂದಕ್ಕೆ ಬಂದರೆ ಎಲ್ಲಿ ಹೋಗುವುದು ಅಕ್ಕಾ? ಬೆಳಿಗ್ಗೆ ನೀರೇ ಕುಡಿಯುತ್ತಿರಲಿಲ್ಲ." ಎಣಿಸಿದೆ. ಹನ್ನೊಂದು ಜನ, ಹನ್ನೊಂದು ತಡಮೆ.

ದೂರ ಅಲ್ಲ. ಕಕ್ಕಸು ಇರಲಿಲ್ಲ. ನನ್ನ ಹೈಸ್ಕೂಲಿನಲ್ಲಿ ಇತ್ತು, ಅದಕ್ಕೇ ನನ್ನ ತಲೆಗೆ ಹೋಗಲೇ ಇಲ್ಲ. ಕಕ್ಕಸಿಲ್ಲದ ಶಾಲೆಗೆ ವ್ಯಾನಿನಲ್ಲಿ ಕೂರಿಸಿ ಬೇಗ ಮುಟ್ಟಿಸಲು ಹೊರಟಿದ್ದೆವಲ್ಲ ನಾವು!

ಜುಲೈ 5

ಸರ್‌ಗೆ ಹೇಳಿದೆ. ಕನ್ನಡಕ ತೆಗೆದಿಟ್ಟರು:

"ಅದನ್ನು ಸೇರಿಸು."

"ಅದು ನನ್ನ ಡೈರಿ ಸರ್. ಅವರು ಹೇಳಿದ್ದು ನನಗೆ, ಪ್ರಾಜೆಕ್ಟಿಗೆ ಅಲ್ಲ."

"ಹಾಗಾದ್ರೆ ಹೋಗಿ ಕೇಳು. ಬೇಡ ಅಂದವರದ್ದು ಬೇಡ." ಮೆಟ್ಟಿಲು ಇಳಿಯುವಾಗ ಕೇಳಿದರು, "ಮನೆಯಲ್ಲಿ ಕೇಳಿದ್ದಿಯಾ? ನಿನ್ನ ತಾಯಿ ಎಷ್ಟು ಓದಿದ್ದಾರೆ?"

ಏಳನೆಯ ತನಕ. ಕೇಳಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಜುಲೈ 11

ಆರು ದಿನ ಬರೆಯಲು ಆಗಲಿಲ್ಲ. ಹನ್ನೊಂದು ಮನೆ. ಈ ಸಲ ಒಳಗೆ ಹೋಗಲಿಲ್ಲ, ತಡಮೆಯಲ್ಲೇ ನಿಂತು ಕರೆದೆ.

ಸುಬ್ಬಮ್ಮ ನನ್ನನ್ನೇ ನೋಡಿ, "ನಾನು ಹಾಗೆ ಹೇಳಿದ್ದೇ ಇಲ್ಲ" ಎಂದರು. ಆಯ್ತಮ್ಮಾ ಎಂದು ಬಂದೆ. ಇನ್ನಿಬ್ಬರು ಬೇಡ ಎಂದು ತಲೆ ಅಲ್ಲಾಡಿಸಿದರು. ಬೀಯಮ್ಮನಿಗೆ ಮೊದಲು ಸಿಟ್ಟು ಬಂತು.

"ನೀನು ಮನೆಮಗಳು ಅಂತ ನಿನಗೆ ಹೇಳಿದ್ದು. ಮಷಿನಿಗೆ ಹೇಳಿದ್ದಾ?"

ತಪ್ಪಾಯಿತು ಎಂದೆ. ತಿರುಗಿ ಹತ್ತು ಹೆಜ್ಜೆ ಬಂದಿರಬಹುದು, ಕರೆದರು.

"ಅಲ್ಲಿ ಕಟ್ಟಿಸ್ತಾರಾ?"

"ಗೊತ್ತಿಲ್ಲ. ಬರೆದರೆ ಕಟ್ಟಿಸಲೂಬಹುದು."

"ನನ್ನ ತಮ್ಮನ ಮಗಳು ಈಗ ಏಳನೇ. ಹೆಸರು ಬೇಡ, ಮಾತು ಇಟ್ಟುಕೋ."

ಎಂಟು ಜನ ಒಪ್ಪಿದರು. ಇಂದು ಕುಟ್ಟಿ, ಹೆಸರಿನ ಜಾಗದಲ್ಲಿ ನಂಬರ್ ಹಾಕಿ, "ನೀರು" ಎಂದು ಕೋಡ್ ಮಾಡಿ ಒತ್ತಿದೆ. ಎಂಟು ಮಾತು ಬಂದು ನಿಂತವು. ಹದಿನೇಳರಿಂದ ಐವತ್ತರ ತನಕ, ಮೂರು ಜಾತಿ, ನಾಲ್ಕು ಊರು, ಒಂದೇ ಬಾಯಾರಿಕೆ. ನಾನು ಗಟ್ಟಿಯಾಗಿ ಓದಿದೆ, ಸರ್ ನಿಂತೇ ಕೇಳಿದರು. ಈ ವಾರ ಅವರೂ ನಾಲ್ಕು ಹೈಸ್ಕೂಲು ಸುತ್ತಿ ಬಂದಿದ್ದಾರೆ. ಎರಡರಲ್ಲಿ ಇಂದಿಗೂ ಕಕ್ಕಸು ಇಲ್ಲ. ಒಂದರಲ್ಲಿ ಇದೆ, ಬೀಗ ಹಾಕಿದೆ, ಟೀಚರುಗಳಿಗೆ ಮಾತ್ರ.

"ಮೂವತ್ತು ವರ್ಷ ಪಾಠ ಮಾಡಿದೆ. ಒಬ್ಬಳನ್ನೂ ಇದು ಕೇಳಲಿಲ್ಲ ನಾನು." ಕರಡು ತೆಗೆದು ವ್ಯಾನಿನ ಮೇಲೆ ತಾವೇ ಗೀಟು ಎಳೆದರು.

ಈ ರೂಮಿಗೆ ಸೇರಿದ ದಿನ ಸರ್ ಎರಡು ಬೀಗದ ಕೈ ಕೊಟ್ಟಿದ್ದರು. ಒಂದು ರೂಮಿನದ್ದು, ಒಂದು ಹಿಂದಿನ ಟಾಯ್ಲೆಟಿನದ್ದು. ಎರಡನೆಯದನ್ನು ಇಂದು ಮೊದಲ ಸಲ ಸರಿಯಾಗಿ ನೋಡಿದೆ.

ಜುಲೈ 13. ಭಾನುವಾರ

ಉಮ್ಮನನ್ನು ಕೇಳಿದೆ. ಅಡುಗೆಮನೆಯಲ್ಲಿ, ಅಕ್ಕಿ ಆರಿಸುವಾಗ, ಹೆಂಗಸರ ಮಾತೆಲ್ಲ ಕಂಪ್ಯೂಟರಿನಲ್ಲಿ ಒಟ್ಟಿಗೆ ಕಾಣುವುದನ್ನು ಹೇಳಿ. "ಶಾಲೆ ಯಾಕೆ ಬಿಟ್ಟದ್ದು?"

"ದೂರ."

ಬಾಪ ಜಗಲಿಯಲ್ಲಿ ಪೇಪರ್ ಮಡಚಿದ ಸದ್ದು. ಉಮ್ಮ ತಲೆ ಎತ್ತಲಿಲ್ಲ. ಎಂಥ ದಡ್ಡಿ ನಾನು. ಅಡುಗೆಮನೆ ತಡಮೆಯಲ್ಲ.

ಜುಲೈ 14. ಬೆಳಿಗ್ಗೆ, ಬಸ್ಸಿನಲ್ಲಿ

ಅಕ್ಷರ ಓಲಾಡುತ್ತಿದೆ. ಆದರೂ ಬರೆಯಬೇಕು.

ಹೊರಟಾಗ ಉಮ್ಮ ಹಿಂದೆಯೇ ಬಂದರು. ತಡಮೆಯ ತನಕ. ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಅಲ್ಲಿಯ ತನಕ ಕಳಿಸಿಕೊಟ್ಟವರಲ್ಲ, ನಾನೇನು ನೆಂಟಳಾ? ಬಿದಿರಿನ ಈಚೆ ಅವರು, ಆಚೆ ನಾನು.

"ಏಳನೆಯಲ್ಲಿ ಕ್ಲಾಸಿಗೆ ಫಸ್ಟ್ ನಾನು. ಅದನ್ನು ಮೊದಲು ಬರಿ."

"ಹ್ಞೂಂ."

"ಎಂಟನೆಗೆ ಎರಡು ತಿಂಗಳು ಹೋದೆ. ನೀರು ಕುಡಿಯದೆ ಹೋಗುವುದು, ಸಂಜೆ ಬಂದು ಕುಡಿಯುವುದು. ಒಂದು ದಿನ ತಡೆಯಲಿಕ್ಕೆ ಆಗಲಿಲ್ಲ. ಬೆಂಚಿನಲ್ಲೇ… ಎಲ್ಲರೂ ನೋಡಿದ್ರು. ಮರುದಿನ ಹೋಗಲಿಲ್ಲ. ದೂರ ಆಗ್ತದೆ ಅಂತ ಮನೆಯಲ್ಲಿ ಹೇಳಿದೆ. ಏಳನೇ ತನಕ ಓದಿದ್ದು ಅಂತ ಎಲ್ಲರಿಗೂ ಹೇಳಿದೆ. ಎಂಟನೆಯ ಆ ಎರಡು ತಿಂಗಳು ಯಾರಿಗೂ ಬೇಡ."

ಮದುವೆ ಹಾಲ್‌ನಲ್ಲಿ ಬೈದದ್ದು ನೆನಪಾಯಿತು.

"ಎಲ್ಲರದ್ದೂ ಒಟ್ಟಿಗೆ ಕಾಣ್ತದೆ ಅಂದಿಯಲ್ಲ. ನನ್ನದನ್ನೂ ಅದರಲ್ಲಿ ಹಾಕು. ಕಡೆಗೆ ಹಾಕು, ಸಾಕು."

ಸಂಜೆ 4

ಹಾಕಿದೆ. ನಂಬರ್ ಮೂವತ್ತೆರಡು. "ನೀರು" ಒತ್ತಿದೆ. ಒಂಬತ್ತನೆಯವರಾಗಿ ಉಮ್ಮ ಬಂದು ನಿಂತರು. ಪರದೆ ಮುಟ್ಟಿ ನೋಡಿದೆ, ಹುಚ್ಚಿಯ ಹಾಗೆ. ಬೆಚ್ಚಗಿತ್ತು.

ಜುಲೈ 15. ಬೆಳಿಗ್ಗೆ 7.40

ಸಾಫ್ಟ್‌ವೇರಿನ ಕೊನೆಯ ದಿನ. ಸರ್ ಪ್ರಿಂಟ್ ತೆಗೆಸುತ್ತಾರೆ. ನಿನ್ನೆ ಉಮ್ಮನಿಗೆ ಸುಮ್ಮನೆ ಹೇಳಿದ್ದೆ, ನೋಡುವುದಾದರೆ ನಾಳೆಯೇ ನೋಡಬೇಕು ಎಂದು. ಇಂದು ಎದ್ದು ನೋಡಿದರೆ ಒಳ್ಳೆಯ ಸೀರೆ ಉಟ್ಟು ಕೂತಿದ್ದಾರೆ.

"ಎರಡು ಬಸ್ಸು ಉಮ್ಮ. ಒಂದೂವರೆ ಗಂಟೆ."

"ಗೊತ್ತುಂಟು." ಸ್ವಲ್ಪ ತಡೆದು, ಬಾಪನಿಗೆ ಕೇಳದ ಹಾಗೆ, "ಅಲ್ಲಿ… ಉಂಟಾ?"

"ಉಂಟು. ಬೀಗದ ಕೈ ನನ್ನ ಹತ್ತಿರ."

ಕೈ ಚಾಚಿದರು. ಕೊಟ್ಟೆ. ಅಂಗೈಯಲ್ಲಿ ತಿರುಗಿಸಿ ನೋಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಡುಗೆಮನೆಗೆ ಹೋದರು. ಚಪ್ಪಲಿ ಹಾಕಿಕೊಂಡೇ ಬಾಗಿಲಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ. ಉಮ್ಮ ಕೊಡಪಾನದಿಂದ ದೊಡ್ಡ ಲೋಟದ ತುಂಬ ನೀರು ಬಗ್ಗಿಸಿಕೊಂಡಿದ್ದಾರೆ. ಕುಡಿಯುತ್ತಿದ್ದಾರೆ. ನಿಲ್ಲಿಸುತ್ತಿಲ್ಲ. ಇನ್ನೊಂದು ಲೋಟ —