ಹಳ್ಳ ನೋಡಲು ಬಂದ ಸಮಿತಿ

ಜೂನ್ ೧೮, ಬೆಳಿಗ್ಗೆ

ಅಂಗನವಾಡಿಯಲ್ಲಿ ಹಾಲು ಕಾಯಿಸಲು ಇಟ್ಟಿದ್ದೆ. ಪಂಚಾಯಿತಿಯಿಂದ ಫೋನ್ — ನನ್ನ ಅರ್ಜಿ ವಿಚಾರಿಸಲು ವಿಧಾನಸಭೆಯ ಅರ್ಜಿ ಸಮಿತಿ ಮಂಗಳವಾರ ಬರುತ್ತದಂತೆ. ಅಧಿವೇಶನ ಇಲ್ಲದಾಗ ಊರೂರಿಗೆ ಹೋಗಿ ನೋಡುತ್ತಾರಂತೆ. ಹಳ್ಳಕ್ಕೆ ಸೇತುವೆ ಇಲ್ಲ, ನೀರು ಬಂದ ದಿನ ನಮ್ಮ ಹುಡುಗಿಯರಿಗೆ ಆಚೆಯ ಹೈಸ್ಕೂಲೂ ಇಲ್ಲ — ಬರೆದಿದ್ದು ಇಷ್ಟೇ. ಮಗಳು ನೇತ್ರಾಗೆ ಈ ವರ್ಷ ಎಸ್ಸೆಸ್ಸೆಲ್ಸಿ. ಹಿಗ್ಗಿನಲ್ಲಿ ಹಾಲು ಉಕ್ಕಿ ಹೋಯಿತು.

ಜೂನ್ ೨೨, ಸಂಜೆ

ತಲೆ ಚಚ್ಚಿಕೊಳ್ಳಬೇಕು. ಊರ ಹಿರಿಯರು ಈರಪ್ಪ ಕಾಕಾ ಟ್ರ್ಯಾಕ್ಟರ್ ತರಿಸಿ, ಹಳ್ಳದಲ್ಲಿ ಪೈಪು ಹಾಕಿ, ಗರಸು ಮಣ್ಣು ಸುರಿದು ದಾರಿ ಮಾಡಿಸಿದ್ದಾರೆ.

"ಕಾಕಾ, ಇದೇನ್ ಮಾಡಿದ್ರಿ? ಅವ್ರು ದಾರಿ ಇಲ್ಲದ್ದು ನೋಡಾಕ ಬರಾತಾರ."

"ಬೀಗರು ಬರೂ ಮುಂದ ಅಂಗಳಾ ಸಾರಸೂದಿಲ್ಲೇನ್ ಬೇ ಶೈಲಾ? ದೊಡ್ಡ ಮಂದಿ ಕೆಸರಾಗ ಬೀಳ್ಲಿ ಅಂತೀ ಏನು?"

ಊರೆಲ್ಲ ಅವರ ಕಡೆ. ಬುಡನಸಾಬರು ದಾರಿಯ ಎರಡೂ ಬದಿಗೆ ಸುಣ್ಣದ ಗೆರೆ ಬೇರೆ ಎಳೆದರು. ಸಿಟ್ಟು ಬಂತು, ನಗುವೂ ಬಂತು.

ಜೂನ್ ೨೩, ಮಧ್ಯಾಹ್ನ

ಬಂದರು. ಗಾಲಿಗೆ ಕೆಸರೂ ಮೆತ್ತಿಲ್ಲ. ಅಧ್ಯಕ್ಷರು ಇಳಿದವರೇ, "ದಾರಿ ಚೆನ್ನಾಗೇ ಇದೆಯಲ್ಲಮ್ಮ," ಎಂದರು. ನಿನ್ನೆ ಹಾಕಿದ್ದು ಎಂದೆ. ನಕ್ಕರು. ನಂಬಿದ ಹಾಗೆ ಕಾಣಲಿಲ್ಲ. ಅಳುವೇ ಬಂತು ನನಗೆ.

ಹೊರಟೇ ಬಿಟ್ಟಿದ್ದರು. ಕಾಕಾನ ಹೆಂಡತಿ ಮಹಾದೇವಕ್ಕ ಅಡ್ಡ ನಿಂತಳು. "ಉಣ್ಣದ ಹೆಂಗ ಹೊಂಟ್ರಿ? ಕುಂದರ್ರಿ."

ಕೂತರು. ಬಡಿಸುವುದು ಮುಗಿಯುತ್ತಲೇ ಇಲ್ಲ. ಹಳ್ಳ ಹುಟ್ಟುವ ದೇವಿಕೊಪ್ಪದ ಕಡೆ ಮೋಡ ಕಪ್ಪಾಗಿದೆ...

ಅದೇ ದಿನ, ಸಂಜೆ

ಮಳೆ ಸುರಿದು ಹಳ್ಳ ತುಂಬಿ ಬಂತು. ಗರಸು ಹೋಯಿತು. ಪೈಪು ಹೋಯಿತು. ಸುಣ್ಣದ ಗೆರೆಯೂ. ಕಾರುಗಳು ಈಚೆ, ಅವರು ವಾಪಸು ಹೋಗಬೇಕಾದ ಕಲಘಟಗಿ ರಸ್ತೆ ಆಚೆ. ಶಾಲೆ ಬಿಟ್ಟ ನೇತ್ರಾ, ಗೆಳತಿಯರು ಆಚೆ ದಂಡೆಯಲ್ಲಿ ಕೈಬೀಸುತ್ತಿದ್ದರು.

"ಯಾರ ಮಕ್ಕಳು?" — ಅಧ್ಯಕ್ಷರು.

"ನಮ್ಮವ್ರೀ," ಎಂದೆ.

"ರಾತ್ರಿ ಎಲ್ಲಿರ್ತಾರೆ?"

"ಆ ಕಡಿ ರಜಿಯಾಬಿ ಮನ್ಯಾಗ್ರಿ. ನೀರು ಬಂದಾಗೆಲ್ಲಾ ಅಲ್ಲೇ. ನೀವು ನಮ್ಮ ಮನ್ಯಾಗ ಇರ್ರಿ."

ಅಧ್ಯಕ್ಷರು ನೀರಿನ ಅಂಚಿನವರೆಗೆ ನಡೆದು ಹೋದರು. ಆಮೇಲೆ ಕಾರ್ಯದರ್ಶಿಯ ತಲೆ ಮೇಲೆ ಕೊಡೆ ಹಿಡಿಸಿ, ಅಲ್ಲೇ ನಿಂತು ಬರೆಸಿದರು — ಸೇತುವೆಗೆ ಸಮಿತಿಯ ಶಿಫಾರಸು. ನಾನೇ ಕೇಳಿಸಿಕೊಂಡೆ, ಎರಡು ಸಲ ಓದಿಸಿದರು.

ಕಾಕಾನ ಮುಖ ಮಾತ್ರ ಸಪ್ಪಗೆ. "ಇನ್ನೊಂದ್ ಟ್ರಿಪ್ ಗರಸು ಹಾಕಿದ್ದರ ತಡೀತಿತ್ತು ನೋಡು."

"ಪುಣ್ಯಾ ಬರ್ತೈತಿ ಕಾಕಾ, ಸುಮ್ನಿರ್ರಿ," ಎಂದೆ.

ಬರೆಯುವುದು ಸಾಕು. ಇಷ್ಟು ಮಂದಿ ಶಾಸಕರಿಗೆ ಹಾಸಿಗೆ, ಚಾದರ... ಹೊಸದು ಎರಡೇ ಇವೆ, ಇನ್ನುಳಿದವು ಯಾರ ಮನೆಯಿಂದ —